ಅಗ್ಗದ ಬಂಗಾರದ ನಾಣ್ಯ: ಸಜ್ಜನರ ಉಪಯೋಗಕ್ಕಾಗಿ ಒಂದು ಕೈಪಿಡಿ

ಮೊದಲು ಓದಿ

ಸರಾಫರ ಅಂಗಡಿಗೆ ಹೋಗಿ, ಬೋರ್ಡಿನ ಮೇಲಿನ ದರ ನೋಡಿ, ಅದರ ಮೇಲೆ ಶೇ 3ರ ಜಿಎಸ್‌ಟಿ ಕಟ್ಟಿ, ಬಿಲ್ ಮಡಚಿ ಜೇಬಿಗಿಟ್ಟುಕೊಂಡು ಬರುವವರಿಗೆ ಈ ಕೈಪಿಡಿ ಬೇಕಿಲ್ಲ. ‘ನಮಗೆ ಗೊತ್ತಿರೋರೊಬ್ಬರ ಹತ್ರ ಒಂದಿಷ್ಟು ಗೋಲ್ಡ್ ಕಾಯಿನ್ ಇದಾವಂತೆ, ಅರ್ಜೆಂಟಂತೆ, ರೇಟು ತುಂಬಾ ಕಮ್ಮಿಯಂತೆ’ ಎಂಬ ಮಾತು ಕಿವಿಗೆ ಬಿದ್ದ ದಿನದಿಂದ ಯಾರಿಗೆ ನಿದ್ದೆ ಹತ್ತುತ್ತಿಲ್ಲವೋ, ಇದು ಅವರಿಗೆ.

ಕಳ್ಳರಿಗೂ ಇದು ಬೇಡ. ಅವರಿಗೆ ಕಸುಬು ಬರುತ್ತದೆ. ಲಾಭವೂ ಆಗಬೇಕು, ರಾತ್ರಿ ಊಟವೂ ಸೇರಬೇಕು, ನಾಲ್ಕು ಜನರ ಎದುರು ಮರ್ಯಾದಸ್ಥರೂ ಆಗಿರಬೇಕು ಎನ್ನುವವರಿಗೇ ಮಾರ್ಗದರ್ಶನದ ಕೊರತೆ. ‘ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ’ ಎಂದು ಅಕ್ಕಸಾಲಿಗನ ಮೇಲೆ ಗಾದೆ ಕಟ್ಟಿದ ಜನ ಕೊಳ್ಳುವವನ ಮೇಲೆ ಅಂಥದ್ದೊಂದನ್ನು ಕಟ್ಟಲಿಲ್ಲ. ಗಾದೆ ಕಟ್ಟಿದವರು ಕೊಳ್ಳುವ ಕಡೆಯವರೇ ಆಗಿದ್ದಿರಬೇಕು.

ಪೆಟ್ಟಿಗೆಯಲ್ಲಿ ಏನೇನಿದೆ

ನಾಣ್ಯ, ಒಂದು ಅಥವಾ ಹಲವು. ಕತೆ, ಒಂದು. ಅವಸರ, ಬೇಕಾದಷ್ಟು. ಬಿಲ್, ಈ ಮಾದರಿಯ ಜೊತೆ ಬರುವುದಿಲ್ಲ. ಕೊಳ್ಳುವವರು ತಮ್ಮ ಕಡೆಯಿಂದ ತರಬೇಕಾದವು: ನಗದು, ಗಟ್ಟಿ ಕೈಚೀಲ ಮತ್ತು ಒಂದು ಆತ್ಮಸಾಕ್ಷಿ. ಮೂರನೆಯದನ್ನು ಮನೆಯಲ್ಲೇ ಬಿಟ್ಟು ಬರುತ್ತೇನೆ ಎನ್ನುವವರು ಉಂಟು. ಅದು ಬೀಗ ಹಾಕಿದ ಮನೆಯಲ್ಲಿ ಸದ್ದು ಮಾಡುತ್ತಿರುತ್ತದೆ. ಜೊತೆಗಿಟ್ಟುಕೊಂಡು ಧ್ವನಿ ತಗ್ಗಿಸುವುದು ಮೇಲು.

ಪೆಟ್ಟಿಗೆಯೊಳಗಿನ ಮುಖ್ಯ ವಸ್ತು ನಾಣ್ಯವಲ್ಲ, ಬೆಲೆಯ ಮೇಲಿನ ಕಡಿತ. ಸೈಟಿಗೆ ಒಬ್ಬೊಬ್ಬರು ಒಂದೊಂದು ಬೆಲೆ ಹೇಳಬಹುದು. ಹಳೆಯ ಕಾರಿಗೂ ಹೇಳಬಹುದು. ಚಿನ್ನಕ್ಕೆ ಹಾಗಾಗುವುದಿಲ್ಲ. ಅದರ ದರ ದಿನಾ ಬೆಳಗ್ಗೆ ಪೇಪರಿನಲ್ಲಿ ಬರುತ್ತದೆ. ಬಳ್ಳಾರಿಯಲ್ಲೂ ಉಡುಪಿಯಲ್ಲೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಯಾವ ಊರಿನ ಯಾವ ಅಂಗಡಿಗೆ ಹೋದರೂ ಸಂಜೆಯೊಳಗೆ ದುಡ್ಡಾಗುವ ವಸ್ತುವನ್ನು ಒಬ್ಬ ನಿಮಗೆ ಅರ್ಧ ಬೆಲೆಗೆ ಕೊಡುತ್ತೇನೆ ಎಂದರೆ, ಅಂಗಡಿಗೆ ಹೋಗದಿರಲು ಅವನಿಗೊಂದು ಕಾರಣವಿದೆ. ಆ ಕಾರಣವನ್ನು ನೀವು ಕೇಳದೆ ಇರುವುದಕ್ಕೆ ಅವನು ಕೊಡುತ್ತಿರುವ ಸಂಬಳವೇ ಉಳಿದರ್ಧ. ಪ್ರಶ್ನೆ ಕೇಳಿದ ಕೂಡಲೇ ಸಂಬಳ ನಿಲ್ಲುತ್ತದೆ. ಈ ಯಂತ್ರ ಕೆಲಸ ಮಾಡುವ ರೀತಿಯೇ ಇಷ್ಟು. ಮುಂದಿನದೆಲ್ಲ ಬೇರೆಬೇರೆ ಮಾದರಿಗಳ ವಿವರ.

ಧ್ವನಿ ತಗ್ಗಿಸುವ ವಿಧಾನ

ಕೆಳಗಿನ ವಾಕ್ಯಗಳನ್ನು ಮನಸ್ಸಿನಲ್ಲೇ ಹೇಳಿಕೊಳ್ಳಿ. ಪರಿಣಾಮ ತಕ್ಷಣ ಕಾಣುತ್ತದೆ.

‘ನಾನು ಬಿಟ್ಟರೆ ಇನ್ಯಾರೋ ಕೊಂಡ್ಕೋತಾರೆ.’ ಬಹಳ ಕಾಲದಿಂದ ಚಾಲ್ತಿಯಲ್ಲಿರುವ ವಾಕ್ಯ, ಎಲ್ಲ ಹವಾಮಾನಕ್ಕೂ ಒಗ್ಗುತ್ತದೆ. ‘ಪಾಪ, ಅವರಿಗೂ ಕಷ್ಟಕ್ಕೆ ಆಯ್ತಲ್ಲ.’ ಇದನ್ನು ಹೇಳುವಾಗ ಮುಖದಲ್ಲಿ ಸ್ವಲ್ಪ ಮರುಕ ಇರಲಿ. ಕೊಟ್ಟ ಬೆಲೆ ಎಷ್ಟೆಂಬುದನ್ನು ಮಾತ್ರ ಆ ಹೊತ್ತಿನಲ್ಲಿ ನೆನೆಯಬಾರದು. ‘ಎಲ್ಲಿಂದ ಬಂತು ಅಂತ ಕೇಳಿದ್ರೆ ಅವರಿಗೇ ಬೇಜಾರಾಗುತ್ತೆ.’ ಕಳ್ಳಮಾಲನ್ನು ಸೌಜನ್ಯವಾಗಿ ಪರಿವರ್ತಿಸುವ ಶಕ್ತಿ ಈ ಒಂದು ವಾಕ್ಯಕ್ಕಿದೆ. ಇದ್ಯಾವುದೂ ಸಾಲದಿದ್ದರೆ ದೇವರ ಪಟದ ಮುಂದಿಟ್ಟು, ಕುಂಕುಮ ಹಚ್ಚಿ, ಮಂಗಳಾರತಿ ಎತ್ತಿ, ಮುಂದಿನ ಸಲ ತಿರುಪತಿಗೆ ಹೋದಾಗ ಹುಂಡಿಗೆ ಒಂದು ಪಾಲು ಎಂದು ಹರಕೆ ಹೊರಬಹುದು. ಪಾಲುದಾರನಾಗಲು ತಿಮ್ಮಪ್ಪ ಒಪ್ಪಿದ್ದಾನೆಯೇ ಎಂದು ವಿಚಾರಿಸುವ ಪದ್ಧತಿ ಇಲ್ಲ.

ಎಚ್ಚರಿಕೆ: ಚಿಕ್ಕ ಮಕ್ಕಳ ಎದುರು ನಾಣ್ಯವನ್ನು ಹೊರತೆಗೆಯಬೇಡಿ. ‘ಅಪ್ಪಾ, ಇದು ಯಾರ್ದು?’ ಎಂದು ಕೇಳುತ್ತವೆ.

ಮಾದರಿ 1: ಪಾಯದಲ್ಲಿ ಸಿಕ್ಕ ಗಡಿಗೆ

ಇದು ಫೋನಿನ ಮೂಲಕ ಬರುತ್ತದೆ. ‘ಸಾರ್, ನಾವು ಬಡವ್ರು. ಹಳೇ ಮನಿ ಕೆಡವಿ ಪಾಯ ತಗೀವಾಗ ಒಂದು ತಾಮ್ರದ ಗಡಿಗಿ ಸಿಕ್ಕೈತಿ. ಒಳಗ ಬಂಗಾರದ ಬಿಲ್ಲಿ ಅದಾವು. ನಾಕ್ ಮಂದಿಗೆ ಗೊತ್ತಾದ್ರ ಸರ್ಕಾರದವ್ರು ಬಂದ್ ಒಯ್ತಾರ. ನೀವು ಒಳ್ಳೇರು ಅಂತ ನಿಮಗ ಹೇಳಾಕತ್ತೀನಿ.’ ನೀವು ಒಳ್ಳೆಯವರೆಂದು ಅವನಿಗೆ ಹೇಗೆ ತಿಳಿಯಿತು ಎಂದು ಯೋಚಿಸಬೇಡಿ. ಹೊಗಳಿಕೆಗೆ ಬಿಲ್ ಕೇಳುವವರುಂಟೆ?

ದಾವಣಗೆರೆ, ಹರಪನಹಳ್ಳಿ ಕಡೆಯ ಪೊಲೀಸ್ ಠಾಣೆಗಳಿಗೆ ಈ ಮಾದರಿ ವರ್ಷಗಳಿಂದ ಪರಿಚಿತ. ಬೆಂಗಳೂರಿನಿಂದಲೂ ನೆರೆ ರಾಜ್ಯಗಳಿಂದಲೂ ಜನ ಚೀಲ ಹಿಡಿದು ಬರುತ್ತಾರೆ. (ಆ ಸೀಮೆಯ ಜನರಿಗೆ ಇದರಿಂದ ಕೆಟ್ಟ ಹೆಸರು ಕಟ್ಟಬೇಡಿ. ಬೆಣ್ಣೆ ದೋಸೆ ತಿನ್ನಲು ಬಂದು ನೆಮ್ಮದಿಯಾಗಿ ವಾಪಸ್ ಹೋಗುವವರೇ ಹೆಚ್ಚು.) ನಡೆಯುವ ಕ್ರಮವೂ ಬಹುಮಟ್ಟಿಗೆ ಒಂದೇ. ಬಸ್ ಸ್ಟ್ಯಾಂಡಿನ ಹತ್ತಿರವೋ ದೇವಸ್ಥಾನದ ಜಗುಲಿಯ ಮೇಲೋ ಭೇಟಿಯಾಗಿ, ಒಂದೋ ಎರಡೋ ಸಣ್ಣ ಬಿಲ್ಲೆಗಳನ್ನು ಕೈಗಿಡುತ್ತಾರೆ. ‘ನಮ್ಮನ್ನ ನಂಬಬ್ಯಾಡ್ರಿ, ನಿಮ್ಮೂರಾಗ ನಿಮ್ಮ ಗುರುತಿನ ಅಂಗಡ್ಯಾಗ ತೋರಿಸ್ರಿ’ ಎನ್ನುತ್ತಾರೆ. ನೀವು ತೋರಿಸುತ್ತೀರಿ. ಅದು ಅಪ್ಪಟ ಚಿನ್ನ. ಅವು ಮಾತ್ರ ಚಿನ್ನ. ಆಮೇಲೆ ‘ಒಂದು ಕಿಲೋ’ ಎಂಬ ಮಾತು ಬರುತ್ತದೆ, ಬೆಲೆ ಬರುತ್ತದೆ, ಊರಾಚೆಯ ಒಂದು ಜಾಗ ನಿಗದಿಯಾಗುತ್ತದೆ. ಹಣ ಕೈ ಬದಲಾಯಿಸುತ್ತಿದ್ದ ಹಾಗೆ ಯಾರೋ ‘ಪೊಲೀಸ್ ಬಂದ್ರು, ಓಡ್ರಿ!’ ಎಂದು ಕೂಗುತ್ತಾರೆ. ಸಜ್ಜನರು ಚೀಲ ಎದೆಗವಚಿಕೊಂಡು ಓಡುತ್ತಾರೆ. ಪೊಲೀಸರ ಹೆಸರು ಕೇಳಿ ಯಾಕೆ ಓಡಬೇಕು ಎಂಬ ಪ್ರಶ್ನೆ ಲಾಡ್ಜಿಗೆ ಬಂದು ಚೀಲ ಬಿಚ್ಚುವವರೆಗೂ ಹುಟ್ಟುವುದಿಲ್ಲ. ಬಿಚ್ಚಿದರೆ ಹಿತ್ತಾಳೆ.

ಅಷ್ಟು ಓದಿದವರು, ಲೆಕ್ಕ ಬಲ್ಲವರು, ಹೇಗೆ ಮೋಸ ಹೋದರು ಎಂದು ನೆರೆಹೊರೆಯವರು ಮೂಗಿನ ಮೇಲೆ ಬೆರಳಿಡುತ್ತಾರೆ. ಲೆಕ್ಕ ಬಲ್ಲವರಾದ್ದರಿಂದಲೇ ಹೋದರು. ಹತ್ತು ಗ್ರಾಂಗೆ ಲಕ್ಷ ರೂಪಾಯಿ ಎಂದಿಟ್ಟುಕೊಂಡರೂ ಒಂದು ಕಿಲೋ ಚಿನ್ನ ಒಂದು ಕೋಟಿ. ಅದನ್ನು ಹತ್ತು ಲಕ್ಷಕ್ಕೆ ತರಲು ಹೊರಟವರ ಮನಸ್ಸಿನಲ್ಲಿ ಇದ್ದದ್ದೇನು? ಈ ಹಳ್ಳಿಯವನಿಗೆ ಬೆಲೆ ಗೊತ್ತಿಲ್ಲ, ಬಡವ, ಹೆದರಿದ್ದಾನೆ, ಕೊಟ್ಟಷ್ಟಕ್ಕೆ ಕೈಮುಗಿಯುತ್ತಾನೆ ಎಂಬುದು. ಒಂದು ನಿಮಿಷದ ಮಟ್ಟಿಗೆ ಆ ಗಡಿಗೆ ನಿಜವಾಗಿಯೂ ಸಿಕ್ಕಿತ್ತು, ಬಿಲ್ಲೆಗಳೆಲ್ಲ ಅಸಲಿ ಎಂದುಕೊಳ್ಳಿ. ಬಡವನೊಬ್ಬನ ಮನೆಯ ಪಾಯದಿಂದ ತೊಂಬತ್ತು ಲಕ್ಷ ಹೊತ್ತುಕೊಂಡು ಬಂದವನು ಆಗ ಯಾರು? ಬಿಲ್ಲೆ ಹಿತ್ತಾಳೆಯದಾಗಿದ್ದರಿಂದ ಸಜ್ಜನರು ಫಿರ್ಯಾದಿಗಳಾದರು, ಅಷ್ಟೇ.

ಫಿರ್ಯಾದು ಬರೆಯುವಾಗಿನ ತೊಡಕು ಬೇರೆಯೇ. ಭೂಮಿಯೊಳಗೆ ಸಿಕ್ಕ ನಿಧಿಗೆ 1878ರಷ್ಟು ಹಿಂದೆಯೇ ಬ್ರಿಟಿಷರು ಕಾಯ್ದೆ ಮಾಡಿದ್ದರು. 10 ರೂಪಾಯಿಗಿಂತ ಹೆಚ್ಚು ಬೆಲೆಬಾಳುವ ನಿಧಿ ಸಿಕ್ಕರೆ ಕಲೆಕ್ಟರಿಗೆ ಲಿಖಿತವಾಗಿ ತಿಳಿಸಬೇಕೆಂದಿತ್ತು. ಕರ್ನಾಟಕ 1962ರಲ್ಲಿ ತನ್ನದೇ ನಿಧಿ ಕಾಯ್ದೆ ಮಾಡಿಕೊಂಡಿತು. ಎರಡರ ತಿರುಳೂ ಸಿಕ್ಕಿದ್ದನ್ನು ಮೊದಲು ಜಿಲ್ಲಾಡಳಿತಕ್ಕೆ ತಿಳಿಸು ಎಂಬುದೇ. ಹಾಗಾಗಿ ನಿಮ್ಮ ದೂರಿನ ಮೊದಲ ಸಾಲು ‘ಸರ್ಕಾರಕ್ಕೆ ತಿಳಿಸದೆ ಬಚ್ಚಿಟ್ಟ ನಿಧಿಯನ್ನು ಕೊಳ್ಳಲು ಹೋಗಿದ್ದೆ’ ಎಂದು ಶುರುವಾಗಬೇಕು. ಈ ಸಾಲು ಬರೆಯಲಾರದೆ ಪೆನ್ನು ಮುಚ್ಚಿ ಎದ್ದುಹೋಗುವವರ ಭರವಸೆಯ ಮೇಲೇ ಈ ದಂಧೆ ನಿಂತಿದೆ. ಆದರೂ ದೂರು ಕೊಡಿ. ನಾಚಿಕೆ ನಿಮಗೊಬ್ಬರಿಗೆ, ದೂರು ಕೊಡದಿದ್ದರೆ ಅದೇ ಹಿತ್ತಾಳೆ ಮುಂದಿನವರ ಕೈಚೀಲಕ್ಕೆ ಹೋಗುತ್ತದೆ.

ಇಷ್ಟೆಲ್ಲ ಹೇಳಿದರೂ ಹೋಗಿಯೇ ಹೋಗುತ್ತೇನೆ ಎನ್ನುವವರಿಗೆ ಒಂದು ತಾಂತ್ರಿಕ ಸೂಚನೆ. ಒಂದು ಕಿಲೋ ಅಪ್ಪಟ ಚಿನ್ನ ಹಿಡಿಸುವುದು ಸುಮಾರು 52 ಮಿಲಿಲೀಟರ್ ಜಾಗದಲ್ಲಿ. ಬೈಟು ಕಾಫಿಯ ಪುಟ್ಟ ಲೋಟ ಇದೆಯಲ್ಲ, ಕರಗಿಸಿ ಹೊಯ್ದರೆ ಅದೂ ತುಂಬುವುದು ಕಷ್ಟ. ಒಂದು ಕಿಲೋ ಹಿತ್ತಾಳೆಗೆ ಅದರ ಎರಡರಷ್ಟಕ್ಕೂ ಹೆಚ್ಚು ಜಾಗ ಬೇಕು. ಚೀಲ ದಪ್ಪವಾಗಿ, ನೋಡಿದರೆ ಕಣ್ಣು ತುಂಬುವ ಹಾಗಿದ್ದರೆ ಅದು ಚಿನ್ನವಲ್ಲ.

ಮಾದರಿ 2: ಕಾಸಿನ ಸರ

ಇದರಲ್ಲಿ ಬಂಗಾರ ಅಸಲಿ. ಆದ್ದರಿಂದ ಕಷ್ಟ ಹೆಚ್ಚು.

ಮಾರಲು ಬಂದವರು ಬಟ್ಟೆಯ ಗಂಟು ಬಿಚ್ಚುತ್ತಾರೆ. ಒಳಗೆ ಅಜ್ಜಿಯ ಕಾಸಿನ ಸರದಿಂದ ಬಿಡಿಸಿದ ನಾಲ್ಕು ಪವನು. ಒಂದು ಮಗ್ಗುಲಲ್ಲಿ ರಾಜನ ತಲೆ, ಇನ್ನೊಂದರಲ್ಲಿ ಕುದುರೆಯ ಮೇಲೆ ಕೂತು ಡ್ರಾಗನ್ ಕೊಲ್ಲುತ್ತಿರುವ ಸಂತ ಜಾರ್ಜ್. 22 ಕ್ಯಾರಟ್, ಒಂದೊಂದು 7.98 ಗ್ರಾಂ. ಸವೆದಿದ್ದರೆ ಇನ್ನೂ ಸ್ವಲ್ಪ ಕಮ್ಮಿ. ಇಸವಿ 1918 ಎಂದಿದ್ದು, ನೆಲದ ಗೆರೆಯ ಮೇಲೆ ‘ಐ’ ಎಂಬ ಇಂಗ್ಲಿಷ್ ಅಕ್ಷರವಿದ್ದರೆ ಅದು ಲಂಡನ್ನಿನದಲ್ಲ, ಮುಂಬಯಿಯಲ್ಲಿ ಆ ಒಂದೇ ವರ್ಷ ಟಂಕಿಸಿದ ಪವನು. ನೋಡಿ ಸಂತೋಷಪಡಿ. ಅದಕ್ಕೆ ದುಡ್ಡಿಲ್ಲ.

ಬಿಲ್ ಇಲ್ಲವೆಂದ ಮಾತ್ರಕ್ಕೆ ಇದನ್ನು ಕಳ್ಳಮಾಲೆಂದು ಹೇಳುವಂತಿಲ್ಲ. ಅಜ್ಜಿಗೆ ಅವಳ ಅಜ್ಜಿ ಬಿಲ್ ಬರೆದುಕೊಡಲಿಲ್ಲ. ಅಲ್ಲದೆ ಈ ದೇಶದಲ್ಲಿ 1968ರ ಚಿನ್ನ ನಿಯಂತ್ರಣ ಕಾಯ್ದೆ ಗಟ್ಟಿ, ನಾಣ್ಯಗಳನ್ನು ಇಟ್ಟುಕೊಳ್ಳುವುದನ್ನೇ ನಿರ್ಬಂಧಿಸಿತ್ತು. ಅದು ರದ್ದಾದದ್ದು 1990ರಲ್ಲಿ. ಇಪ್ಪತ್ತೆರಡು ವರ್ಷ ಜನ ಬಂಗಾರದ ಬಗ್ಗೆ ಕಾಗದ ಇಡುವುದಿರಲಿ, ಗಟ್ಟಿಯಾಗಿ ಮಾತಾಡುತ್ತಲೂ ಇರಲಿಲ್ಲ. ಹಾಗಾಗಿ ಕಾಗದದ ಜಾಗದಲ್ಲಿ ಮಾತು ಬರಬೇಕು, ಅಂದರೆ ಕೇಳಬೇಕು. ಸಂಬಳ ನಿಲ್ಲುವುದು ಇಲ್ಲೇ.

ಮಾರಲು ಬಂದವರು ಗಂಡಸಾಗಿದ್ದರೆ ಮೊದಲ ಪ್ರಶ್ನೆ ಬಂಗಾರದ್ದಲ್ಲ, ಕತ್ತಿನದ್ದು. ಇದು ಯಾರ ಕತ್ತಿನಲ್ಲಿತ್ತು? ಸ್ತ್ರೀಧನ ಹೆಂಡತಿಯ ಸ್ವಂತ ಆಸ್ತಿ, ಗಂಡನದ್ದಲ್ಲ, ಇಬ್ಬರ ಜಂಟಿಯೂ ಅಲ್ಲ ಎಂದು ಸುಪ್ರೀಂ ಕೋರ್ಟ್ 1985ರಲ್ಲೇ ಪ್ರತಿಭಾ ರಾಣಿ ಪ್ರಕರಣದಲ್ಲಿ ಹೇಳಿದೆ. ‘ನಿಮ್ಮನೆಯವರಿಗೆ ಒಂದ್ಸಲ ಫೋನ್ ಕೊಡ್ತೀರಾ, ನಾನೂ ಮಾತಾಡಿಸಿದ ಹಾಗಾಯ್ತು’ ಎನ್ನಿ. ಸರಿಯಾದ ವ್ಯವಹಾರವಾಗಿದ್ದರೆ ಆ ಕಡೆಯಿಂದ ಅಮ್ಮಾವ್ರು ‘ಹೌದಣ್ಣ, ನಾನೇ ಕೊಟ್ಟು ಕಳಿಸಿದೀನಿ, ನಾಳೆ ಫೀಸು ಕಟ್ಟಬೇಕು’ ಎನ್ನುತ್ತಾರೆ. ಇಲ್ಲದಿದ್ದರೆ ಫೋನಿನ ಚಾರ್ಜು ಅದೇ ಗಳಿಗೆಯಲ್ಲಿ ಮುಗಿಯುತ್ತದೆ.

ಹುಡುಗನೊಬ್ಬ ಒಂದೇ ಒಂದು ಪವನು ತಂದಿದ್ದು, ಅದರ ಕೊಂಡಿಯನ್ನು ಇತ್ತೀಚೆಗೆ ಕತ್ತರಿಸಿದ ಹೊಳಪು ಕಂಡರೆ, ಕೇಳಬೇಕಾದವರು ನೀವಲ್ಲ, ಪೊಲೀಸರು. ಕದ್ದ ಮಾಲೆಂದು ತಿಳಿದು ಕೊಂಡರೆ ಮಾತ್ರ ತಪ್ಪು ಎಂದು ಹಲವರು ನಂಬಿದ್ದಾರೆ. ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಂ, ಅದಕ್ಕೂ ಮುಂಚೆ ಇದ್ದ ದಂಡ ಸಂಹಿತೆಯ 411, ಎರಡೂ ‘ನಂಬಲು ಕಾರಣವಿದ್ದೂ’ ಕೊಂಡವರನ್ನು ಸೇರಿಸಿಕೊಂಡಿವೆ. ಮೂರು ವರ್ಷದವರೆಗೆ ಜೈಲು. ಪೇಪರಿನ ದರದ ಅರ್ಧಕ್ಕೆ ಸಿಕ್ಕಿತು ಎಂಬುದಕ್ಕಿಂತ ದೊಡ್ಡ ಕಾರಣ ಯಾವುದಿದೆ? ನೀವು ಗೆಲುವೆಂದು ತಿಳಿದ ಕಡಿತವೇ ನಿಮ್ಮ ಮೇಲಿನ ಸಾಕ್ಷಿ. ಇನ್ನು, ಕದ್ದವನು ಮಾಲೀಕನಲ್ಲವಾದ್ದರಿಂದ ಅವನಿಂದ ಕೊಂಡವರೂ ಮಾಲೀಕರಾಗುವುದಿಲ್ಲ ಎಂಬುದು 1930ರ ಸರಕು ಮಾರಾಟ ಕಾಯ್ದೆಯ ಮಾತು. ಪೂರ್ತಿ ಬೆಲೆ ಕೊಟ್ಟಿದ್ದರೂ ಅಷ್ಟೇ.

ಎಲ್ಲ ಸರಿ ಇದೆ, ಬಂಗಾರ ಅವರದ್ದೇ, ಆಸ್ಪತ್ರೆಗೆ ದುಡ್ಡು ಬೇಕು, ಬಂದಿದ್ದಾರೆ. ಈಗ ಬೆಲೆ. ಇಲ್ಲಿ ನನಗೊಂದು ಮಾತು ಹೇಳಬೇಕಿದೆ. ಖಾಸಗಿ ವ್ಯವಹಾರದಲ್ಲಿ ಇಬ್ಬರಿಗೂ ಲಾಭವಾಗುವಷ್ಟು ಜಾಗ ನಿಜಕ್ಕೂ ಇದೆ. ಬೋರ್ಡಿನ ದರ ನೂರು ಎಂದಿಟ್ಟುಕೊಳ್ಳಿ. ನೀವು ಅಂಗಡಿಯಲ್ಲಿ ಕೊಂಡರೆ ಜಿಎಸ್‌ಟಿ ಸೇರಿ ನೂರಾ ಮೂರು. ಅವರು ಅಂಗಡಿಗೆ ಹಾಕಿದರೆ ಕರಗಿಸಿದ್ದು, ಸವಕಳಿ ಎಂದು ನಾಲ್ಕೈದು ಕಳೆದು ಕೊಟ್ಟರೆನ್ನಿ, ತೊಂಬತ್ತೈದು. ತಮ್ಮ ಹಳೆಯ ಒಡವೆಯನ್ನು ಮನೆಯವರು ಮಾರಿಕೊಂಡರೆ ಅದು ವ್ಯಾಪಾರವಲ್ಲ, ಅದಕ್ಕೆ ಜಿಎಸ್‌ಟಿ ಇಲ್ಲ. ತೊಂಬತ್ತೈದಕ್ಕೂ ನೂರಾ ಮೂರಕ್ಕೂ ನಡುವೆ ಎಲ್ಲಿ ಕೈ ಕುಲುಕಿದರೂ ಇಬ್ಬರೂ ಗೆದ್ದ ಹಾಗೆ. ನೂರು ಕೊಟ್ಟು ಬಿಡಿ, ಅವರಿಗೆ ಐದು ಹೆಚ್ಚು, ನಿಮಗೆ ಮೂರು ಉಳಿತಾಯ. ಕೂತು ಮಾತಾಡಿದರೆ ಇಷ್ಟು ಸಲೀಸು. ಎಂಬತ್ತಕ್ಕೆ, ಎಪ್ಪತ್ತಕ್ಕೆ ಇಳಿಸಿದವರು ಬಂಗಾರದ ವ್ಯಾಪಾರ ಮಾಡುತ್ತಿಲ್ಲ. ಐಸಿಯುನಲ್ಲಿ ಮಲಗಿರುವವರ ಮೇಲೆ ದರ ಕಟ್ಟುತ್ತಿದ್ದಾರೆ.

ಬೆಲೆ ಹೇಳಿದ ಮೇಲೆ ಗಂಟನ್ನು ಅವರ ಕೈಗೇ ಕೊಟ್ಟು, ‘ಎರಡು ಅಂಗಡೀಲಿ ಕೇಳ್ಕೊಂಡು ನಾಳೆ ಬನ್ನಿ’ ಎನ್ನಿ. ಬ್ಯಾಂಕಿನಲ್ಲಿ ಒಡವೆ ಸಾಲ ಸಿಗುತ್ತದೆ, ಮಾರುವ ಬದಲು ಅಡ ಇಟ್ಟರೆ ಅಜ್ಜಿಯ ಸರ ವಾಪಸ್ ಬರುವ ದಾರಿ ಉಳಿದಿರುತ್ತದೆ ಎಂದೂ ಹೇಳಿ. ಇಷ್ಟು ಹೇಳಿದ ಮೇಲೂ ನಿಮ್ಮ ಹತ್ತಿರವೇ ಬಂದರೆ ಆಗ ಕೊಳ್ಳಿ. ನಿಮ್ಮ ಮನೆಯಲ್ಲೇ ಕೆಲಸ ಮಾಡುವವರು ಮಾರಲು ತಂದಿದ್ದರೆ ಮಾತ್ರ ಯಾವ ಬೆಲೆಗೂ ಕೊಳ್ಳಬೇಡಿ. ನಾಳೆ ಬೆಳಗ್ಗೆ ನಿಮ್ಮ ಮನೆಯ ಪಾತ್ರೆ ತೊಳೆಯಬೇಕಾದವರು ನಿಮ್ಮ ಬೆಲೆಗೆ ಇಲ್ಲ ಎನ್ನುವುದು ಹೇಗೆ? ಜೊತೆಯಲ್ಲಿ ಅಂಗಡಿಗೆ ಹೋಗಿ, ತೂಕದ ಮುಳ್ಳು ನೋಡಿಕೊಂಡು, ಪೂರ್ತಿ ದುಡ್ಡು ಅವರ ಕೈಗೆ ಕೊಡಿಸಿ ಬನ್ನಿ.

ನಗದಿನ ಬಗ್ಗೆ: 2017ರ ಏಪ್ರಿಲ್‌ನಿಂದ ಒಬ್ಬರಿಂದ ಒಂದೇ ದಿನ 2 ಲಕ್ಷ ರೂಪಾಯಿ ಅಥವಾ ಹೆಚ್ಚು ನಗದು ಪಡೆಯುವಂತಿಲ್ಲ. ದಂಡ ಬೀಳುವುದು ಪಡೆದವರಿಗೆ. ಕೊಟ್ಟವರಿಗಲ್ಲವಲ್ಲ ಎಂದು ನೀವು ಈಗ ಸಮಾಧಾನಪಟ್ಟಿದ್ದರೆ ಧ್ವನಿ ತಗ್ಗಿಸುವ ಅಧ್ಯಾಯವನ್ನು ಚೆನ್ನಾಗಿ ಓದಿಕೊಂಡಿದ್ದೀರಿ ಎಂದಾಯಿತು. ಬ್ಯಾಂಕ್ ಮೂಲಕ ಕೊಡಿ. ಒಂದು ಹಾಳೆಯ ಮೇಲೆ ತೂಕ, ದರ, ತಾರೀಖು ಬರೆದು ಇಬ್ಬರೂ ಸಹಿ ಹಾಕಿ.

ಮಾದರಿ 3: ದೊರೆಗಳ ನಾಣ್ಯ

ಈ ಮಾದರಿಯವರಿಗೆ ಚಿನ್ನದ ತೂಕ ಸಾಲದು, ಇತಿಹಾಸವೂ ಬೇಕು. ‘ವಿಜಯನಗರದ ವರಾಹ ಸಾರ್, ಅಪರೂಪದ್ದು’, ‘ಹೈದರಾಲಿ ಕಾಲದ್ದು, ಒಂದು ಕಡೆ ಶಿವ ಪಾರ್ವತಿ ನೋಡಿ’. ಎರಡೂ ನಿಜವಾಗಿ ಇರುವ ನಾಣ್ಯಗಳೇ. ಹೈದರ್ ತನ್ನ ವರಾಹದ ಒಂದು ಬದಿಗೆ ಶಿವ ಪಾರ್ವತಿಯರನ್ನು ಹಾಗೇ ಇಟ್ಟುಕೊಂಡು ಇನ್ನೊಂದು ಬದಿಗೆ ತನ್ನ ಹೆಸರಿನ ಪರ್ಷಿಯನ್ ಮೊದಲಕ್ಷರ ಹಾಕಿಸಿದ್ದ. ಇವುಗಳ ನಕಲು ಮಾಡುವವರೂ ಬೇಕಾದಷ್ಟಿದ್ದಾರೆ. ಆದರೆ ಇಲ್ಲಿ ನಾನು ಹೆಚ್ಚು ಹೆದರುವುದು ಅಸಲಿಗೆ.

ನೂರು ವರ್ಷ ದಾಟಿದ ನಾಣ್ಯ 1972ರ ಪುರಾವಸ್ತು ಕಾಯ್ದೆಯ ಪ್ರಕಾರ ಪುರಾವಸ್ತುವಾಗಬಹುದು. ಅಂಥವನ್ನು ಮಾರುವ ವ್ಯಾಪಾರ ನಡೆಸಲು ಪರವಾನಗಿ ಬೇಕು. ದೇಶದ ಹೊರಗೆ ಒಯ್ಯುವಂತಿಲ್ಲ. ಅಮೆರಿಕದಲ್ಲಿರುವ ಮಗನಿಗೆ ಹುಟ್ಟುಹಬ್ಬಕ್ಕೆಂದು ಸೂಟ್‌ಕೇಸಿನಲ್ಲಿಟ್ಟು ಕಳಿಸುವ ಯೋಚನೆ ಇದ್ದರೆ ಚಕ್ಕುಲಿ, ಕೋಡುಬಳೆ ಕಳಿಸಿ.

ಹೊಯ್ಸಳ ದೊರೆ ವಿಷ್ಣುವರ್ಧನನ ಚಿನ್ನದ ನಾಣ್ಯದ ಮೇಲೆ ಕನ್ನಡದಲ್ಲಿ ‘ಶ್ರೀ ತಳಕಾಡುಗೊಂಡ’ ಎಂದಿದೆ. ಚೋಳರಿಂದ ತಳಕಾಡನ್ನು ಕಸಿದುಕೊಂಡದ್ದನ್ನು ದೊರೆ ನಾಣ್ಯದ ಮೇಲೆಯೇ ಕೆತ್ತಿಸಿ ಊರೆಲ್ಲ ಹಂಚಿದ. ಎಲ್ಲಿಂದ ಬಂತು, ಹೇಗೆ ಬಂತು ಎಂಬುದಕ್ಕೆ ಇದಕ್ಕಿಂತ ನೇರವಾದ ಹೇಳಿಕೆ ಬೇಕೆ? ಎಂಟುನೂರೈವತ್ತಕ್ಕೂ ಹೆಚ್ಚು ವರ್ಷದ ಮೇಲೆ ಅದೇ ನಾಣ್ಯ ಮಾರುವವನು ‘ಎಲ್ಲಿಂದ ಅಂತ ಮಾತ್ರ ಕೇಳಬೇಡಿ ಸಾರ್’ ಎನ್ನುತ್ತಾನೆ.

ಕೇಳಲೇಬೇಕಾದ ಕಾರಣ ಬರೀ ಕಾನೂನಿನದ್ದಲ್ಲ. ಗಡಿಗೆ ಹೂತಲ್ಲೇ ಸಿಕ್ಕರೆ, ಅದರಲ್ಲಿ ಯಾರ ಯಾರ ನಾಣ್ಯ ಎಷ್ಟೆಷ್ಟು ಇದ್ದವು, ಯಾವ ಮಣ್ಣಿನ ಪದರದಲ್ಲಿ, ಯಾವ ಗೋಡೆಯ ಪಕ್ಕ ಎಂಬುದರಿಂದ ಆ ಊರಿನ ಕಾಲ ತಿಳಿಯುತ್ತದೆ. ಯಾವ ಸೀಮೆಯ ದುಡ್ಡು ಎಲ್ಲಿಯವರೆಗೆ ಓಡಾಡುತ್ತಿತ್ತು ಎಂಬುದು ತಿಳಿಯುತ್ತದೆ. ಐವರು ಹಂಚಿಕೊಂಡು ಐದು ಊರಿಗೆ ಮಾರಿದ ಮೇಲೆ ಉಳಿಯುವುದು ಗ್ರಾಂ ಲೆಕ್ಕದ ಲೋಹ. ರಣಧೀರ ಕಂಠೀರವ ನರಸರಾಜ ಒಡೆಯರ ಕಂಠೀರವ ಹಣ ಬೆರಳಿನ ಉಗುರಿಗಿಂತ ಚಿಕ್ಕದು, ಗ್ರಾಂನ ಮೂರನೇ ಒಂದು ಭಾಗದ ಹತ್ತಿರ ತೂಗುತ್ತದೆ, ಅದರ ಮೇಲೊಂದು ನರಸಿಂಹ. ಹದಿನೇಳನೇ ಶತಮಾನದ ಅಷ್ಟು ಪುಟ್ಟ ಕೆಲಸವನ್ನು ಮೂಸೆಗೆ ಹಾಕಿ ಮೂಗುತಿ ಮಾಡಿಸಿದವರೂ ಇರುತ್ತಾರೆ. ಮೂಗುತಿ ಚೆನ್ನಾಗಿಯೇ ಬಂದಿರುತ್ತದೆ.

ಲೋಹ ಪರೀಕ್ಷೆ

ಇದನ್ನು ಎಲ್ಲ ಕೈಪಿಡಿಗಳೂ ಮೊದಲು ಹೇಳುತ್ತವೆ. ಸುಲಭವಾದ್ದರಿಂದ ನಾನು ತಡವಾಗಿ ಹೇಳುತ್ತಿದ್ದೇನೆ. ಒರೆಗಲ್ಲು ಮತ್ತು ಆಸಿಡ್ ಅಕ್ಕಸಾಲಿಗರ ಹತ್ತಿರ ಇವೆ. ಅಂಗಡಿಯ ಕ್ಯಾರಟ್ ಮೆಷಿನ್ ಮೇಲ್ಮೈಯನ್ನು ಓದುತ್ತದೆ. ದಪ್ಪ ಚಿನ್ನದ ಲೇಪದ ಕೆಳಗೆ ಏನಿದೆ ಎಂದು ತಿಳಿಯಬೇಕಾದರೆ ಮನೆಯಲ್ಲೇ ನೀರಿನ ತೂಕ ಮಾಡಿ. ಮಿಲಿಗ್ರಾಂ ತೋರಿಸುವ ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ, ಪವನನ್ನು ದಾರದಲ್ಲಿ ಕಟ್ಟಿ ತಳಕ್ಕೆ ತಾಗದ ಹಾಗೆ ನೀರಿಗೆ ಇಳಿಬಿಡಿ. ಅಸಲಿ ಪವನಾದರೆ ಅರ್ಧ ಗ್ರಾಂಗೆ ಚೂರು ಕಡಿಮೆ ತೋರಿಸುತ್ತದೆ. ಅಷ್ಟೇ ಭಾರದ ಹಿತ್ತಾಳೆ ಒಂದು ಗ್ರಾಂ ಹತ್ತಿರ ಹೋಗುತ್ತದೆ. ಟಂಗ್‌ಸ್ಟನ್ ಎಂಬ ಲೋಹ ಮಾತ್ರ ಅಪ್ಪಟ ಚಿನ್ನದಷ್ಟೇ ಸಾಂದ್ರ, 24 ಕ್ಯಾರಟ್ಟಿನ ನಾಣ್ಯದ ವೇಷದಲ್ಲಿ ಬಂದರೆ ಅದು ಈ ಪರೀಕ್ಷೆಯಲ್ಲಿ ಪಾಸಾಗುತ್ತದೆ.

ಒಡವೆಯಾದರೆ 2021ರಿಂದ ಬಂದ ಆರು ಅಕ್ಷರದ ಎಚ್‌ಯುಐಡಿ ಗುರುತನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ನೋಡಬಹುದು. ಅಜ್ಜಿಯ ಪವನಿನಲ್ಲಿ ಅದನ್ನು ಹುಡುಕಬೇಡಿ.

ಒರೆಗಲ್ಲು ಎಷ್ಟು ಕ್ಯಾರಟ್ ಎಂದು ಹೇಳುತ್ತದೆ, ಯಾರದ್ದೆಂದು ಹೇಳುವುದಿಲ್ಲ. ನೀರಿನ ಲೋಟಕ್ಕೂ ಅದು ಗೊತ್ತಿಲ್ಲ. ಸಜ್ಜನರು ಲೋಹ ಪರೀಕ್ಷೆಯನ್ನು ಇಷ್ಟು ಶ್ರದ್ಧೆಯಿಂದ ಮಾಡುವುದಕ್ಕೆ ಅದೂ ಒಂದು ಕಾರಣವಿದ್ದೀತು.

ಮಾದರಿ 4: ಬ್ಯಾಂಕಿನ ನಾಣ್ಯ

ಪ್ಲಾಸ್ಟಿಕ್ ಕಾರ್ಡಿನಲ್ಲಿ ಮುಚ್ಚಿ ಬಂದ 24 ಕ್ಯಾರಟ್ಟಿನ ಲಕ್ಷ್ಮಿ. ದೀಪಾವಳಿಗೆ ಕೊಂಡದ್ದು, ಈಗ ದುಡ್ಡು ಬೇಕಾಗಿದೆ. ಬ್ಯಾಂಕು ಮಾರುತ್ತದೆ, ವಾಪಸ್ ಕೊಳ್ಳುವುದಿಲ್ಲ; ಹಾಗಾಗಿ ಖಾಸಗಿಯಾಗಿ ಮಾರಲು ಬಂದವರಲ್ಲಿ ಅನುಮಾನಪಡುವಂಥದ್ದೇನೂ ಇರಬೇಕಿಲ್ಲ. ಕಾರ್ಡ್ ಒಡೆಯದಿರಲಿ, ಬಿಲ್ ಜೊತೆಗಿರಲಿ, ಮೇಲೆ ಹೇಳಿದ ಬೆಲೆಯ ಲೆಕ್ಕವೇ ಇಲ್ಲಿಗೂ. ಈ ಮಾದರಿಗೆ ಕೈಪಿಡಿಯೇ ಬೇಡ. 2015ರ ನವೆಂಬರಿನಲ್ಲಿ ಸರ್ಕಾರವೇ ತಂದ ಭಾರತೀಯ ಚಿನ್ನದ ನಾಣ್ಯವಾದರೆ ಒಂದು ಕಡೆ ಅಶೋಕ ಚಕ್ರ, ಇನ್ನೊಂದು ಕಡೆ ಮಹಾತ್ಮ ಗಾಂಧಿ. ಅಪರಿಗ್ರಹವನ್ನು ವ್ರತವಾಗಿ ಹಿಡಿದವರನ್ನು 24 ಕ್ಯಾರಟ್ಟಿನ ಮೇಲೆ ಕೂರಿಸಿದ ಸಮಿತಿಯಲ್ಲಿ ಹಾಸ್ಯಪ್ರಜ್ಞೆಯವರೊಬ್ಬರು ಇದ್ದಿರಬೇಕು.

ದೋಷ ಮತ್ತು ಪರಿಹಾರ

ಮಾರುವವರು ‘ಇವತ್ತೇ ಆಗಬೇಕು’ ಎನ್ನುತ್ತಿದ್ದಾರೆ: ಯಾಕೆಂದು ಕೇಳಿ. ಆಸ್ಪತ್ರೆಯಾದರೆ ಅಂಗಡಿಗೆ ಕರೆದುಕೊಂಡು ಹೋಗಿ, ಇವತ್ತೇ ಆಗುತ್ತದೆ.

ಕೊಂಡ ಮೇಲೆ ಹೆಂಡತಿ ನಾಣ್ಯವನ್ನು ಮುಟ್ಟುತ್ತಿಲ್ಲ: ದೋಷ ನಾಣ್ಯದಲ್ಲಿಲ್ಲ.

ಬೆಲೆ ಸರಿ ಇದೆ, ಕಾಗದ ಸರಿ ಇದೆ, ಮಾರುವವರೂ ಸರಿ ಇದ್ದಾರೆ, ಆದರೆ ಕೊಳ್ಳುವ ಉತ್ಸಾಹವೇ ಹೋಗಿದೆ: ಇದು ಬಹಳ ಜನ ಹೇಳುವ ತೊಂದರೆ. ನಿಮಗೆ ಬೇಕಿದ್ದದ್ದು ಬಂಗಾರವಲ್ಲ, ಕಡಿತ. ಹಣವನ್ನು ಎಫ್‌ಡಿಯಲ್ಲಿಡಿ.

ಪೊಲೀಸರು ಮನೆ ಬಾಗಿಲಿಗೆ ಬಂದು ‘ಆ ಹುಡುಗ ನಿಮ್ಮ ಹೆಸರು ಹೇಳಿದ್ದಾನೆ’ ಎಂದರು: ನಾಣ್ಯ ಕೊಡಿ, ವಕೀಲರಿಗೆ ಫೋನ್ ಮಾಡಿ. ಕರಗಿಸಿಬಿಟ್ಟಿದ್ದೇನೆ ಎಂಬ ಉತ್ತರ ಜಾಣತನದ್ದೆಂದು ನಿಮಗೆ ಅನಿಸಬಹುದು. ಅದು ಇನ್ನೊಂದು ಕಲಂ ಅನ್ನು ಕೈಬೀಸಿ ಕರೆಯುತ್ತದೆ.

ಮರುಮಾರಾಟ

ಈ ಉತ್ಪನ್ನಕ್ಕೆ ವಾರಂಟಿ ಇಲ್ಲ. ಒಂದಲ್ಲ ಒಂದು ದಿನ ನೀವೂ ಮಾರಬೇಕಾಗುತ್ತದೆ. ಮಗಳ ಸೀಟು, ಸೈಟಿನ ರಿಜಿಸ್ಟ್ರೇಷನ್, ಏನೋ ಒಂದು. ಪರಿಚಯದ ಅಂಗಡಿಗೆ ಹೋದರೆ ಮುಜುಗರ ಎಂದು ದೂರದ ಬಡಾವಣೆಯ ಅಂಗಡಿಗೆ ಹೋಗುತ್ತೀರಿ. ಕೌಂಟರಿನ ಹಿಂದೆ ಕೂತವರು ನಾಣ್ಯವನ್ನು ಮೆಷಿನ್ನಿಗಿಟ್ಟು, ‘ಮಾಲು ಚೆನ್ನಾಗಿದೆ. ಬಿಲ್ಲು?’ ಎನ್ನುತ್ತಾರೆ.

‘ಇಲ್ಲ. ಹಳೇದು. ನಮ್ಮಜ್ಜಿದು.’

ಯಾವ ಅಜ್ಜಿ, ಯಾವ ಊರಿನವರು, ಯಾವಾಗ ಕೊಟ್ಟರು ಎಂದು ಅವರು ಕೇಳುವುದಿಲ್ಲ. ಕ್ಯಾಲ್ಕುಲೇಟರ್ ಹತ್ತಿರ ಎಳೆದುಕೊಂಡು, ಏನೇನೋ ಒತ್ತಿ, ನಿಮ್ಮ ಕಡೆ ತಿರುಗಿಸುತ್ತಾರೆ. ಅಂಕಿ ನೋಡಿ ನಿಮಗೆ ಎದೆ ಧಸಕ್ಕೆನ್ನುತ್ತದೆ. ‘ಇಷ್ಟೊಂದು ಕಡಿತಾನಾ? ಇದು ಅನ್ಯಾಯ ಅಲ್ವೇನ್ರೀ?’ ಎಂದು ಕೇಳಬೇಕೆನಿಸಿದರೆ ಅಗತ್ಯವಾಗಿ ಕೇಳಿ. ಈ ಕೈಪಿಡಿಯ ಒಂದು ಪ್ರತಿ ಅವರ ಮೇಜಿನ ಡ್ರಾಯರಿನಲ್ಲೂ ಇರುತ್ತದೆ.